ಹತ್ತರ ಮುಂದಿನ ಸೊನ್ನೆ

ಸೋಮವಾರ, ಮಾರ್ಚ್ 3
ಲ್ಯಾಬಿನ ಫ್ರೀಜರ್‌ಗಳನ್ನು ಕಾಯಲು ನಾನು ಬರೆದ ಕಂಪ್ಯೂಟರ್ ಸ್ಕ್ರಿಪ್ಟ್ ಇವತ್ತೂ ಸರಿಯಾಗಿ ಓಡಿತು. ಗಂಟೆಗೊಮ್ಮೆ ಪ್ರತಿ ಫ್ರೀಜರ್‌ನ ಸೆನ್ಸರ್‌ನ ನೆಟ್‌ವರ್ಕ್ ಅಡ್ರೆಸ್‌ಗೆ ಪಿಂಗ್ — ಇದ್ದೀಯಾ? ಇದ್ದೀನಿ. ಉತ್ತರ ಬರದಿದ್ದರೆ ನನ್ನ ಫೋನ್ ಬಡಿದುಕೊಳ್ಳುತ್ತದೆ. ಫ್ರೀಜರ್‌ಗಳ ಸ್ವಂತ ಬಜರ್‌ಗಳು ಎಂದೋ ಕೆಟ್ಟಿವೆ.
ಅಡ್ರೆಸ್‌ನ ಕೊನೆಯ ಅಂಕಿಯೇ ಫ್ರೀಜರ್‌ನ ನಂಬರು. ವರದಿಯ ಸಾಲು ಮಾತ್ರ ಸೊಟ್ಟ. 5, 6, 7, ಆಮೇಲೆ 10, 11, 12. ನಡುವಿನ 8 ಪ್ರಿಂಟರ್‌ನ ಅಡ್ರೆಸ್, 9 ಗೇಟಿನ ಕ್ಯಾಮೆರಾದ್ದು. ಒಂದಂಕಿ, ಎರಡಂಕಿ ಬೆರೆತು ಸಾಲು ಹೊಂದುವುದಿಲ್ಲ; ನೋಡಿ ನೋಡಿ ಕಣ್ಣುರಿ. ಅಡ್ರೆಸ್‌ಗಳ ಕೊನೆಯ ಅಂಕಿಗೆಲ್ಲ ಮುಂದೆ ಸೊನ್ನೆ ಸೇರಿಸಿ ಮೂರಂಕಿ ಮಾಡಿದೆ. 005, 010, 012... ಈಗ ನೆಟ್ಟಗೆ ನಿಂತಿವೆ. ಹುಟ್ಟುಗುಣ ಸುಟ್ಟರೂ ಹೋಗದು.

ಗುರುವಾರ, ಮಾರ್ಚ್ 6
ಮಧ್ಯಾಹ್ನ ಅಕ್ಕ ಡಬ್ಬಿ ಹಿಡಿದು ಕೆಳಗೆ ಬಂದಳು. ಮೇಲಿನ ಲ್ಯಾಬ್ ಅವಳದು. 10ನೇ ಫ್ರೀಜರ್‌ನಲ್ಲಿರುವುದೂ ಅವಳದೇ — ಮನೆ ಮನೆ ಅಲೆದು ಕೂಡಿಸಿದ ರಕ್ತದ ಸ್ಯಾಂಪಲ್. ಕೊಟ್ಟವರಲ್ಲಿ ಅರ್ಧ ಜನ ಈಗಿಲ್ಲ. ಮತ್ತೆ ಯಾರ ಬಾಗಿಲಿಗೆ ಹೋಗಿ ಕೇಳುವುದು?
"ದಿನಾ ಬೆಳಿಗ್ಗೆ ಹೋಗಿ ನೋಡ್ಕೊಂಡ್ ಬರ್ತಿದ್ದೆ ಕಣೋ. ಈಗ ಬಿಟ್ಟಿದ್ದೀನಿ. ನಿನ್ನ ಕಾವಲುಗಾರ ಇದ್ದಾನಲ್ಲ."
"ಅವನಿಗೆ ಸಂಬಳ ಕೊಡು."
"ನಿನಗೆ ಕೊಡೋದೇ ದಂಡ, ಇನ್ನು ಅವನಿಗೆ ಬೇರೆ!"
ನಕ್ಕೆವು. ಒಳಗೊಳಗೆ ಖುಷಿಯಾಯಿತು. ಅಕ್ಕ ನನ್ನನ್ನು ನಂಬುವುದು ಅಪರೂಪ.

ಶನಿವಾರ, ಮಾರ್ಚ್ 8, ಬೆಳಿಗ್ಗೆ
ಫೋನ್ ಬಡಿದುಕೊಂಡಿತು. 012 — ಉತ್ತರವಿಲ್ಲ. ಓಡಿದೆ. 12 ತಣ್ಣಗೆ ಗುಂಯ್‌ಗುಡುತ್ತಿದೆ, ಮೈನಸ್ ಎಂಬತ್ತು. ಸೆನ್ಸರ್‌ಗೆ ಏನೋ ರೋಗ. ಗಂಟೆಗೊಮ್ಮೆ ಅದರ ಗೋಳು ಕೇಳುವವರು ಯಾರು? 012ರ ಅಲಾರಂ ಆಫ್ ಮಾಡಿದೆ. 10 ಪಕ್ಕದ ಕೋಣೆಯಲ್ಲೇ ಇದೆ. ಅತ್ತ ಹೋಗಲಿಲ್ಲ — ವರದಿಯಲ್ಲಿ '010 ಸರಿ' ಎಂದಿತ್ತು.

ಮಂಗಳವಾರ, ಮಾರ್ಚ್ 11
ಅಕ್ಕನ ಫೋನ್. ದನಿ ಏರಲಿಲ್ಲ.
"ಹತ್ತರ ಬಾಗಿಲು ತೆಗ್ದೆ. ನೀರು ಸುರೀತಿದೆ."
ಪ್ಲಗ್ ಸುಟ್ಟುಹೋಗಿತ್ತು. ಫ್ರೀಜರ್ ಜೊತೆ ಅದರ ಸೆನ್ಸರ್ ಕೂಡ ಸತ್ತಿತ್ತು. "ಇದು ಮೂರ್ನಾಲ್ಕು ದಿನದ್ದು ಸಾರ್," ಎಂದ ಎಲೆಕ್ಟ್ರಿಷಿಯನ್. ಅಲಾರಂ ಯಾಕೆ ಬರಲಿಲ್ಲ ಎಂದು ಅಕ್ಕ ಕೇಳಲಿಲ್ಲ. ಟ್ರೇಗಳನ್ನು ಒಂದೊಂದಾಗಿ ಹೊರಗಿಟ್ಟಳು. ನಾನು ನೆಲ ಒರೆಸಿದೆ.

ಬುಧವಾರ, ಮಾರ್ಚ್ 12
ಕೈಯಾರೆ ಪಿಂಗ್ ಮಾಡಿ ನೋಡಿದೆ. 010 ಎಂದು ಕರೆದರೆ ಓಗೊಟ್ಟದ್ದು 8. ಪ್ರಿಂಟರ್! ಮುಂದೆ ಸೊನ್ನೆ ಕಂಡರೆ ಪಿಂಗ್ ಆ ಅಂಕಿಯನ್ನು ಹತ್ತರ ಲೆಕ್ಕ ಬಿಟ್ಟು ಎಂಟರ ಲೆಕ್ಕದಲ್ಲಿ ಓದುತ್ತದೆ. 010 ಅಂದರೆ ಎಂಟು. 012 ಅಂದರೆ ಒಂದು ಎಂಟು, ಮೇಲೆ ಎರಡು — ಹತ್ತು.
ಶನಿವಾರ ಕೂಗಿದ್ದು ಅಕ್ಕನ ಫ್ರೀಜರ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದು ಬಂದಿದ್ದೇನೆ.
ಸೊನ್ನೆ ಹಾಕಿದ್ದು ಚೆಂದಕ್ಕೆ. ಬರೀ ಚೆಂದಕ್ಕೆ. ನಾಚಿಕೆಯಾಗುತ್ತಿದೆ.

ಅದೇ ದಿನ, ಸಂಜೆ
ಅಕ್ಕ ಬಂದಳು. ಹೇಳೋಣವೆಂದು ಬಾಯಿ ತೆರೆದೆ. ಅವಳೇ ಮೊದಲು ಶುರುಮಾಡಿದಳು.
"ನಿನ್ನ ತಪ್ಪೇನಿಲ್ಲ ಬಿಡೋ. ಮಷೀನು ಕೈಕೊಟ್ರೆ ನೀನೇನ್ ಮಾಡ್ತೀಯ? ಉಳಿದಿರೋದನ್ನ ಹನ್ನೊಂದರಲ್ಲಿ ಇಟ್ಟಿದ್ದೀನಿ. ನೀನೇ ಕಾಯ್ಬೇಕು."
ತಲೆಯಾಡಿಸಿದೆ. ಹೋದಳು.
ಸೊನ್ನೆಗಳನ್ನೆಲ್ಲ ಅಳಿಸಿದೆ. ಸಾಲು ಮತ್ತೆ ಸೊಟ್ಟ.
ಮೇಲೆ ಅವಳ ದೀಪ ಇನ್ನೂ ಉರಿಯುತ್ತಿದೆ. ಹೋಗಿ ಹೇಳಿಬಿಡಬೇಕು. ಅಕ್ಕಾ, ಶನಿವಾರವೇ ಅದು ಕೂಗಿತ್ತು, ನಾನೇ—