ಹಾಲಿನ ಟ್ಯಾಂಕಿನ ಬೈಟುಗಳು

ಯಶವಂತಪುರ, ಮಾರ್ಚ್ 9, 1987

ಇವತ್ತೂ ಬೈಟುಗಳು, ಅಂದರೆ ಟ್ಯಾಂಕಿನಿಂದ ಬರೋ ಅಂಕಿಗಳು, ಒಡೆದು ಬಂದವು. ಆಂಟೆನಾ ತಿರುಗಿಸಿದ ಮೇಲೆ ಸರಿಯಾಯ್ತು. ಹೆಸರಘಟ್ಟದ ಹಾಲಿನ ಕೇಂದ್ರದ ಟ್ಯಾಂಕಿಗೆ ಶಾಖ ಅಳೆಯೋ ಸೆನ್ಸರ್, ಪಕ್ಕದಲ್ಲಿ ನನ್ನ ಮೈಕ್ರೋಕಂಟ್ರೋಲರ್ ಚಿಪ್. ಸೆನ್ಸರ್ ಹೇಳಿದ್ದನ್ನು ಹಾಗೇ ವೈರ್‌ಲೆಸ್‌ನಲ್ಲಿ ನಮ್ಮ ಆಫೀಸಿಗೆ ಕಳಿಸುತ್ತೆ. ಸ್ಕ್ರೀನಿನಲ್ಲಿ ನಲವತ್ತು ಬಂದರೆ ಹಾಲು ನಾಲ್ಕು ಡಿಗ್ರಿ. ಇಷ್ಟೊಂದು ಅಂಕಿ ಯಾಕೆ ಅಂದರು ನಮ್ಮ ಕಂಪನಿ ಯಜಮಾನರು, ವೆಂಕಟರಾಮಯ್ಯ. ಕೆಲಸ ಮುಂದುವರಿಸಿದೆ.

ಮಾರ್ಚ್ 13

ಆಂಟೆನಾ ನೋಡೋಕೆ ಹೆಸರಘಟ್ಟಕ್ಕೆ ಹೋಗಿದ್ದೆ. ಕೇಂದ್ರದ ಮ್ಯಾನೇಜರ್ ಶೇಖರಪ್ಪ, ಅಲ್ಲಿಗೆ ಹಾಲು ಹಾಕೋ ಮುನಿಗಂಗಮ್ಮನ ಕ್ಯಾನು ವಾಪಸ್ ಕಳಿಸುತ್ತಿದ್ದ. ನೀನು ತಂದ ಹಾಲಿನಿಂದಲೇ ನಿನ್ನೆ ಟ್ಯಾಂಕ್ ಪೂರ್ತಿ ಹುಳಿಯಾಯ್ತು ಅಂತ ಎಲ್ಲರೆದುರು ಬೈದ. ಕೆಟ್ಟ ಹಾಲು ಮಾರೋ ಕಳ್ಳಿ ಅಂದ.

ಆಕೆ ನನ್ನ ಕಡೆ ತಿರುಗಿ, "ನಮ್ಮ ಆಲು ಕೆಟ್ಟಿರ್ಲಿಲ್ಲ ಕಣಮ್ಮ," ಅಂದಳು. ಅಷ್ಟೇ.

ಮಾರ್ಚ್ 14

ಮಧ್ಯಾಹ್ನ ಸ್ಕ್ರೀನಿನ ಮುಂದೆ ಕೂತೆ. ಊಟದ ಹೊತ್ತಿಗೆ ಅಂಕಿ ಏರೋಕೆ ಶುರು... ಸಂಜೆ ಮತ್ತೆ ಇಳೀತು. ಹಿಂದಿನ ದಿನಗಳ ಅಂಕಿಗಳೂ ಹೀಗೇ. ಕರೆಂಟ್ ಉಳಿಸೋಕೆ ಅಲ್ಲಿ ಕೂಲಿಂಗ್ ಮೋಟರ್ ಆರಿಸ್ತಿದಾರೆ! ಹಾಗಿದ್ದರೆ ಯಾರ ಹಾಲೂ ಉಳಿಯಲ್ಲ. ಕಳ್ಳಿ ಅನ್ನಿಸಿಕೊಂಡವಳು ಮಾತ್ರ ಒಬ್ಬಳೇ.

ಯಜಮಾನರಿಗೆ ಹೇಳಿದೆ. ಅವರು ಹೇಳಿದ್ದು ಇದು: "ನೀಲಕ್ಕ ಅವರೇ, ಚಿಪ್‌ನಲ್ಲೇ ಆವರೇಜ್ ಮಾಡಿ ಕಳಿಸಿ. ಏರಿಳಿತ ಗಿರಾಕಿಗೆ ಕಾಣಬಾರದು."

ಮೈಯೆಲ್ಲ ಉರೀತು. ಬೆಸುಗೆ ಹಾಕಿ ಕಣ್ಣು ಕೆಡಿಸಿಕೊಂಡದ್ದು ಸುಳ್ಳು ಕಳಿಸೋಕಾ?

ಮಾರ್ಚ್ 19

ಆಫೀಸಿನಲ್ಲಿ ಡೆಮೋ. ನಮ್ಮ ಗಿರಾಕಿ, ಆ ಕೇಂದ್ರದ ಮಾಲೀಕರು, ಬಂದಿದ್ದರು. ಹಾಲು ಹಾಕೋರ ಪರವಾಗಿ ಮುನಿಯಣ್ಣ, ಅವರ ಜೊತೆ ಮುನಿಗಂಗಮ್ಮ. ಪ್ರೋಗ್ರಾಮ್ ಬದಲಾಯಿಸಿದೀರಾ ಅಂತ ಯಜಮಾನರು ಕಿವಿಯಲ್ಲಿ ಕೇಳಿದರು. ಇಲ್ಲ ಅಂದೆ. ಅಷ್ಟರಲ್ಲಿ ಅಂಕಿ ಏರೋಕೆ ಶುರುವಾಗಿತ್ತು.

"ಈಗ ಅಲ್ಲಿ ಮೋಟರ್ ನಿಂತಿದೆ," ಅಂತ ಎಲ್ಲರಿಗೂ ಕೇಳೋ ಹಾಗೆ ಹೇಳಿದೆ.

ಕೇಂದ್ರಕ್ಕೆ ಫೋನ್ ಮಾಡಿ ಕೇಳಿ ಅಂದರು ಮುನಿಯಣ್ಣ. ಮಾಲೀಕರೇ ಮಾಡಿದರು. ಶೇಖರಪ್ಪ ಮೊದಲು ಇಲ್ಲ ಅಂದನಂತೆ, ಆಮೇಲೆ ದಿನಾ ಮಧ್ಯಾಹ್ನ ಆರಿಸ್ತೀನಿ ಅಂತ ಒಪ್ಪಿಕೊಂಡ. ನಾಳೆಯಿಂದ ಮತ್ತೆ ಹಾಲು ತನ್ನಿ ಅಂದರು ಮಾಲೀಕರು ಮುನಿಗಂಗಮ್ಮನಿಗೆ. ಆಕೆ, ಆ ಮಾತು ಕೇಂದ್ರದಲ್ಲಿ ಎಲ್ಲರೆದುರು ಹೇಳ್ಬೇಕು ಅಂದಳು.

ಮಾರ್ಚ್ 23

ಹೆಸರಘಟ್ಟದ ಕೆಲಸದಿಂದ ನನ್ನನ್ನು ತೆಗೆದಿದಾರೆ. ಮುನಿಗಂಗಮ್ಮನ ಹಾಲಂತೂ ಮತ್ತೆ ಕೇಂದ್ರಕ್ಕೆ ಹೋಗ್ತಿದೆ. ಇವತ್ತು ಯಜಮಾನರು ಕರೆದು, ಗಿರಾಕಿಯ ಮರ್ಯಾದೆ ಕಳೆದಿರಿ, ಹೋಗಿ ಕ್ಷಮೆ ಕೇಳಿ ಅಂದರು. ಎಲ್ಲರೆದುರು ಕಳ್ಳಿ ಅನ್ನಿಸಿಕೊಂಡವಳ ಮರ್ಯಾದೆ? ಅವಳ ಹತ್ತಿರ ಕೇಳಿ ಅಂದಿದ್ದರೆ ಈಗಲೇ ಬಸ್ಸು ಹತ್ತುತ್ತಿದ್ದೆ. ಈ ಮಾಲೀಕರ ಹತ್ತಿರ ಕೇಳೋಕೆ ನಾನೇನು ತಪ್ಪು ಮಾಡಿದೀನಿ? ಕೇಳಲ್ಲ.