ಕಪ್ಪು ವೈರಿನ ಗಂಟುಗಳು

ಫೆಬ್ರವರಿ ೩, ಸೋಮವಾರ

ಎರಡು ಬ್ಯಾಟರಿ ಚಾರ್ಜಿಗೆ ಹಾಕಿದೆ. ಒಂದು ಸ್ಟಾರ್ಟರ್ ಮೋಟಾರ್ ಬಿಚ್ಚಿದೆ. ಹನ್ನೊಂದಕ್ಕೆ ಹೆಡ್‌ಮಿಸ್ ಕಾರು ಬಂತು. ರಿಟೈರ್ ಆಗಿ ಹದಿನೆಂಟು ವರ್ಷವಾದರೂ ಎಲ್ಲರಿಗೂ ಅವರು ಹೆಡ್‌ಮಿಸ್ಸೇ. ಕಾರಿಗೆ ಅರವತ್ತು ದಾಟಿದೆ, ಅವರಿಗೆ ಎಪ್ಪತ್ತಾರು. ಇಬ್ಬರ ಬೆನ್ನೂ ಇನ್ನೂ ನೆಟ್ಟಗಿದೆ.

"ಲೈಟ್ ಹಾಕಿದ್ರೆ ಎರಡು ಮಿಂಚುಹುಳ ಕಟ್ಕೊಂಡು ಓಡಿಸಿದ ಹಾಗಿರುತ್ತೆ ಕಣಮ್ಮ. ಹಾರ್ನ್ ಒತ್ತಿದ್ರೆ ಅವೂ ಸಾಯ್ತವೆ. ಕತ್ತಲಾಗೋದ್ರೊಳಗೆ ಮನೆ ಸೇರೋಕೆ ನಾನೇನು ಹಾಸ್ಟೆಲ್ ಹುಡುಗೀನಾ?"

ಡೈನಮೋ ತೆಗೆದು, ಹೆಚ್ಚು ಕರೆಂಟ್ ಕೊಡುವ ಆಲ್ಟರ್ನೇಟರ್. ಹೆಡ್‌ಲೈಟಿಗೆ ಬ್ಯಾಟರಿಯಿಂದ ನೇರ ಕರೆಂಟ್ ಕೊಡಲು ರಿಲೇ. ಇಡೀ ಕಾರಿಗೆ ಇರುವುದು ಎರಡೇ ಫ್ಯೂಸು — ಹೊಸ ಫ್ಯೂಸ್ ಬಾಕ್ಸ್ ಬೇಕು. ಪೂರ್ತಿ ಹೊಸ ವೈರಿಂಗ್. ಇಪ್ಪತ್ತೆಂಟಕ್ಕೆ ಕೊಡುತ್ತೇನೆ ಎಂದೆ.

ಮಾವ ಮೂಲೆಯಿಂದ ನೋಡುತ್ತಲೇ ಇದ್ದರು. ಕರೆಯಲಿಲ್ಲ. ಹೋದ ತಿಂಗಳು ಒಂದು ವ್ಯಾನಿಗೆ ಅವರು ಮಾಡಿದ ವೈರಿಂಗ್‌ನಲ್ಲಿ ಬ್ರೇಕ್ ಒತ್ತಿದರೆ ಇಂಡಿಕೇಟರ್ ಹತ್ತುತ್ತಿತ್ತು. ವ್ಯಾನಿನವನು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದ. ಐವತ್ತು ವರ್ಷದ ಕೈ! ಅವತ್ತು ನಾನೇ ಅವರ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು, "ನೀವು ಕೂತ್ಕೊಳ್ಳಿ ಮಾವ" ಎಂದೆ. ಕೂತವರು ಇನ್ನೂ ಎದ್ದಿಲ್ಲ.

ಅತ್ತೆ ಹೋಗಿ ಒಂದು ವರ್ಷ. ಅಲ್ಲಿಂದಲೇ ಮಾವನಿಗೆ ಮರೆವು ಶುರುವಾಯಿತು ಎಂದು ಇವರು ಹೇಳುತ್ತಾರೆ. ಮಾರ್ಚ್ ಒಂದರಿಂದ ಅಪ್ಪ ಅಂಗಡಿಗೆ ಬೇಡ, ಬೀಗದ ಕೈ ನೀನೇ ಇಟ್ಟುಕೋ ಎಂದಿದ್ದಾರೆ. ನಾನೂ ಹೂಂ ಅಂದಿದ್ದೇನೆ.

ಫೆಬ್ರವರಿ ೬

ತಲೆ ಕೆಟ್ಟುಹೋಯಿತು. ವೈರಿಂಗ್ ಬಿಚ್ಚಿದರೆ ಎಲ್ಲ ಕಪ್ಪು. ಮೂತಿಯಿಂದ ಬಾಲದವರೆಗೆ ಒಂದೇ ಒಂದು ಬಣ್ಣವಿಲ್ಲ. ಯಾವ ಮಹಾನುಭಾವ ಮಾಡಿದ್ದೋ! ಒಂದೇ ಸುರುಳಿ ಅಗ್ಗಕ್ಕೆ ಸಿಕ್ಕಿರಬೇಕು.

ಬೈದುಕೊಂಡೇ ಫ್ಯೂಸಿನ ಕಡೆಯ ಹದಿನಾಲ್ಕು ತುದಿಗಳನ್ನೂ ಕತ್ತರಿಸಿ ಹಾಕಿದೆ. ಒಂದೊಂದಕ್ಕೂ ಜಿಡ್ಡು ಹಿಡಿದ ದಾರದ ಚೂರು ಅಂಟಿತ್ತು. ಕಸ ಅಂದುಕೊಂಡೆ. ಗುಡಿಸಿ ಡಬ್ಬಕ್ಕೆ ಹಾಕಿದೆ.

ಸಂಜೆ ೫.೩೦ — ಹಾರ್ನಿನ ವೈರು ಹಿಡಿದಿದ್ದೆ. ಇಲ್ಲೂ ದಾರ. ಬಟ್ಟೆಯಿಂದ ಒರೆಸಿದೆ. ಗಂಟು. ಒಂದು, ಎರಡು, ಮೂರು. ಎಡಗಡೆ ಲೈಟಿನ ಡಿಮ್ ವೈರಿಗೆ ನಾಲ್ಕು. ಬಲಗಡೆಯದಕ್ಕೆ ಒಂದು ದಪ್ಪ ಗಂಟು, ಐದಕ್ಕೆ ಗುರುತು. ಹಿಂದಿನ ಲೈಟಿಗೆ ಒಂದು ದಪ್ಪ, ಒಂದು ಸಣ್ಣ — ಆರು. ಒಂದೊಂದು ವೈರಿಗೂ ಎರಡೂ ತುದಿಯಲ್ಲಿ ಒಂದೇ ಲೆಕ್ಕದ ಗಂಟು ಇದ್ದಿರಬೇಕು. ಒಂದು ತುದಿಯನ್ನು ನಾನೇ ಡಬ್ಬಕ್ಕೆ ಹಾಕಿದ್ದೇನೆ. ಹದಿಮೂರು ವರ್ಷದ ಕೆಲಸದಲ್ಲಿ ಇಂಥ ಪೆದ್ದುತನ ಮಾಡಿರಲಿಲ್ಲ.

ಡಬ್ಬ ಬೋರಲು ಹಾಕಿ ಕೂತೆ. ಗ್ರೀಸು, ಚಹಾ ಲೋಟ, ತಂತಿಚೂರು. ಹದಿನಾಲ್ಕೂ ಸಿಕ್ಕವು. ಇಷ್ಟು ವರ್ಷದ ಬಿಸಿ, ಎಣ್ಣೆ, ಅಲುಗಾಟ ತಿಂದೂ ಒಂದು ಗಂಟು ಸಡಿಲವಾಗಿಲ್ಲ.

ಫೆಬ್ರವರಿ ೭

ಇವತ್ತು ಕೆಲಸಕ್ಕಿಂತ ನೋಡಿದ್ದೇ ಹೆಚ್ಚು. ನಾಲ್ಕು ಬೆರಳಿಗೊಂದು ಕಟ್ಟು. ತಗಡಿನ ತೂತು ದಾಟುವಲ್ಲೆಲ್ಲ ರಬ್ಬರ್ ಬಳೆ. ಬೆಸುಗೆ ಎಲ್ಲೂ ಗುಪ್ಪೆಯಾಗಿಲ್ಲ, ಎಲ್ಲೂ ಕಮ್ಮಿಯಿಲ್ಲ. ಈ ಕಾರಿನಲ್ಲಿ ಬ್ಯಾಟರಿಯ ಪ್ಲಸ್ ಕಾರಿನ ಮೈತಗಡಿಗೆ ಸೇರುತ್ತದೆ, ಈಗಿನ ಗಾಡಿಗಳಿಗೆ ತದ್ವಿರುದ್ಧ. ಮುಂದೆ ಯಾರೂ ಎಡವಬಾರದೆಂದು ಬ್ಯಾಟರಿ ತಟ್ಟೆಯ ಮೇಲೆ ಉಳಿಯಲ್ಲಿ ಪ್ಲಸ್ ಗುರುತು ಹೊಡೆದಿದ್ದಾರೆ. ನಿನ್ನೆ ಬೈದ ಬಾಯಿ ಇದೇ. ಹೊಟ್ಟೆಕಿಚ್ಚಾಯಿತು, ನಿಜ ಹೇಳಬೇಕೆಂದರೆ. ನನ್ನ ಕೆಲಸವನ್ನು ಯಾರಾದರೂ ಹೀಗೆ ಬಿಚ್ಚಿ ನೋಡಿದರೆ?

ಹೆಡ್‌ಮಿಸ್‌ಗೆ ಫೋನ್ ಮಾಡಿದೆ. "ಮಿಸ್, ಈ ವೈರಿಂಗ್ ಯಾರು ಮಾಡಿದ್ದು?"

"ಅಯ್ಯೋ, ನಿನ್ನ ಮಾವನೇ ಅಲ್ವೇನಮ್ಮ! ನಮ್ಮಪ್ಪ ಈ ಕಾರನ್ನ ಸೆಕೆಂಡ್ ಹ್ಯಾಂಡ್ ತಂದ ವರ್ಷ. ಆಗಿನ್ನೂ ಮದುವೆ ಆಗಿರ್ಲಿಲ್ಲ ಅವರಿಗೆ. ಒಂದು ತಿಂಗಳು ತಗೊಂಡ್ರು, ಅಪ್ಪ ದಿನಾ ಬೈತಿದ್ರು."

ತಿರುಗಿ ಮೂಲೆ ನೋಡಿದೆ. ಮಾವ ಕೈಕಟ್ಟಿ ಕೂತಿದ್ದರು.

ಫೆಬ್ರವರಿ ೮, ಮಧ್ಯಾಹ್ನ

ಹದಿನಾಲ್ಕು ತುದಿಗಳನ್ನು ತಟ್ಟೆಯಲ್ಲಿಟ್ಟು ಮಾವನ ಮುಂದೆ ಹಿಡಿದೆ. ನೋಡಲೇ ಇಲ್ಲ. ಕಣ್ಣು ಮುಚ್ಚಿ ಒಂದೊಂದನ್ನೇ ತೆಗೆದು ಹೆಬ್ಬೆರಳು ಸವರಿದರು. "ಹಾರ್ನು. ಎಡಗಡೆ ಡಿಮ್ಮು. ಇದು ಡೈನಮೋದು..." ಹದಿನಾಲ್ಕಕ್ಕೆ ಹದಿನಾಲ್ಕು! ಮರೆವಂತೆ, ಮರೆವು.

"ಎಲ್ಲಾ ಕಪ್ಪು ಯಾಕೆ ಮಾವ?"

ಕೊನೆಯ ತುದಿಯನ್ನು ತಟ್ಟೆಗೆ ಹಾಕಿದರು. "ನನಗೆ ಕೆಂಪು, ಹಸಿರು ಒಂದೇ ಥರ ಕಾಣುತ್ತಮ್ಮ. ಹುಟ್ದಾಗಿಂದ. ಹೇಳಿದ್ರೆ ಈ ಕಸುಬಿಗೆ ಯಾರು ಸೇರಿಸ್ಕೋತಿದ್ರು?"

"ಮತ್ತೆ ಇಷ್ಟು ವರ್ಷ ಬಣ್ಣದ ವೈರು..."

"ನಿಮ್ಮತ್ತೆ ಬಂದ್ಮೇಲೆ ಗಂಟು ಬಿಟ್ಟೆ."

ಅತ್ತೆಯ ಸ್ಟೂಲು ಅವರ ಬೆಂಚಿನ ಪಕ್ಕವೇ ಇರುತ್ತಿತ್ತು. ಹೊಲಿಗೆ ಹಿಡಿದು ದಿನವಿಡೀ ಕೂರುತ್ತಿದ್ದರು. ಮಾವ "ಹಾರ್ನಿಂದು ಕೊಡು" ಎನ್ನುವುದು, ಅತ್ತೆ ತಲೆ ಎತ್ತದೆ ವೈರು ಕೊಡುವುದು. ನಾನು ಆಚೆ ಬೆಂಚಿನಲ್ಲಿ ಬ್ಯಾಟರಿ ಮಾಡುತ್ತಾ ಅದನ್ನೇ ನೋಡಿದ್ದೇನೆ. ನಮ್ಮಕ್ಕನ ಹತ್ತಿರ ಆಡಿಕೊಂಡಿದ್ದೇನೆ ಕೂಡ — ಗಂಡನ ಕಾವಲಿಗೆ ಕೂತ ಪೊಲೀಸ್ ಎಂದು.

"ಬಾಯಿಬಿಟ್ಟು ಬಣ್ಣದ ಹೆಸರು ಹೇಳಿದವಳಲ್ಲ ಅವಳು. ಅಂಗಡೀಲಿ ಯಾರಾದ್ರೂ ಇರ್ತಾರಲ್ಲ, ಗೊತ್ತಾಗಬಾರ್ದು ಅಂತ. ಕೈಗೆ ಕೊಡ್ತಿದ್ಲು, ಅಷ್ಟೇ." ಆಮೇಲೆ, "ಅವನಿಗೆ ಹೇಳ್ಬೇಡಮ್ಮ" ಎಂದರು. ಅವನು ಅಂದರೆ ಇವರು, ಅವರ ಮಗ. ಹೇಳುವುದಿಲ್ಲ ಎಂದೆ.

ನಾಚಿಕೆಯಾಯಿತು. ನಾನು ಸ್ಕ್ರೂಡ್ರೈವರ್ ಕಿತ್ತುಕೊಂಡದ್ದು ಮರೆವಿನವರಿಂದ ಅಲ್ಲ. ಈ ಕಸುಬಿನಲ್ಲಿ ನಾನು ಕಂಡ ಅತ್ಯುತ್ತಮ ಕೆಲಸಗಾರರಿಂದ.

ಫೆಬ್ರವರಿ ೧೭

ಎಂಟು ದಿನ ಬರೆಯಲಿಲ್ಲ. ಆಲ್ಟರ್ನೇಟರ್ ಕೂತಿತು. ಬ್ಯಾಟರಿ ತಿರುಗಿಸಿ, ಈಗಿನ ಗಾಡಿಗಳ ಹಾಗೆ ಮೈನಸ್ಸನ್ನು ಮೈತಗಡಿಗೆ ಕೊಟ್ಟೆ. ಹಳೆಯ ಪ್ಲಸ್ ಗುರುತನ್ನು ಅಳಿಸಲು ಮನಸ್ಸು ಬರಲಿಲ್ಲ. ಪಕ್ಕದಲ್ಲಿ ಬಣ್ಣದಿಂದ ಹೊಸದು ಬರೆದೆ.

ವೈರಿಂಗ್ ಮಾತ್ರ ಮುಟ್ಟಿಲ್ಲ. ಅದನ್ನು ಮಾವನೇ ಮಾಡಬೇಕು. ಇವರಿಗೆ ಹೇಳಿದೆ, ಒಂದನೇ ತಾರೀಖಿನ ಮಾತು ಬೇಡ ಅಂತ.

"ಇನ್ನೊಂದು ಗಾಡಿ ಕೆಡಿಸಿದ್ರೆ? ಜನ ಅವರ ಮೇಲೆ ಮತ್ತೆ ಕೂಗಾಡೋದನ್ನ ನಾನು ನೋಡ್ಬೇಕಾ?"

ನಿಜ ಹೇಳುವ ಹಾಗಿರಲಿಲ್ಲ. ಮಾವನಿಗೆ ಮಾತು ಕೊಟ್ಟಿದ್ದೇನೆ. ಪ್ರತಿ ವೈರನ್ನೂ ಮೀಟರ್ ಹಿಡಿದು ನೋಡುತ್ತೇನೆ ಎಂದಷ್ಟೇ ಹೇಳಿದೆ.

ಫೆಬ್ರವರಿ ೨೩, ಭಾನುವಾರ

ಬೆಳಗ್ಗೆಯಿಂದ ಹಜಾರದಲ್ಲಿ ವೈರು ಹರವಿಕೊಂಡು ಕೂತಿದ್ದೆ. ಅತ್ತೆಯ ಹೊಲಿಗೆ ಡಬ್ಬದ ದಾರ. ಹೊಸ ಬಣ್ಣದ ವೈರುಗಳ ಎರಡೂ ತುದಿಗೆ ಗಂಟು. ಇವರು ಬಂದು ನಿಂತರು.

"ಇದೇನು, ವೈರಿಗೂ ಗುಂಡಿ ಹೊಲೀತಿದ್ದೀಯಾ?"

ಇನ್ನೊಂದು ಗಂಟು ಬಿಗಿದೆ. ಮಾವನೇ ಪೇಪರ್ ಮಡಚಿಟ್ಟರು. "ನನಗೋಸ್ಕರ ಕಣೋ." ಆಮೇಲೆ ಎಲ್ಲ ಹೇಳಿದರು. ಬೇಗ ಬೇಗ, ಸಣ್ಣ ದನಿಯಲ್ಲಿ.

ಇವರು ನೆಲದ ಮೇಲೆ ಕೂತುಬಿಟ್ಟರು. "ಅದಕ್ಕೇನಾ! ಎರಡನೇ ಕ್ಲಾಸಲ್ಲಿ ನನ್ನ ಚಿತ್ರ ನೋಡಿ, ಎಲೆ ಎಷ್ಟು ಚೆನ್ನಾಗಿ ಬರ್ದಿದ್ದೀಯೋ ಅಂದ್ರಿ. ನಾನು ಬರೆದದ್ದು ಬೆಂಕಿ!"

"ನಿಮ್ಮಮ್ಮ ಆಗ ಅಡುಗೆಮನೇಲಿದ್ಲು ಕಣೋ" ಎಂದರು ಮಾವ.

ಮೂವರೂ ನಕ್ಕೆವು. ಇವರ ಕಣ್ಣಲ್ಲಿ ನೀರು. ಬೀಗದ ಕೈ ಮಾತು ಮತ್ತೆ ಬರಲಿಲ್ಲ. ಇವರೂ ಒಂದು ವೈರು ಎಳೆದುಕೊಂಡರು. ಕಟ್ಟಿದ ಗಂಟೆಲ್ಲ ಸಡಿಲ. ಬಿಚ್ಚಿ ನಾನೇ ಕಟ್ಟಿದೆ.

ಫೆಬ್ರವರಿ ೨೮, ಸಂಜೆ ೬.೪೫

ಐದು ದಿನ ಮಾವ ಕಾರಿನ ಒಳಗೇ ಇದ್ದರು. ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿ, ಕಣ್ಣು ಮುಚ್ಚಿ, ಹೆಬ್ಬೆರಳು ಸವರಿ. ನಾನು ಹಿಂದೆ ಹಿಂದೆ ಮೀಟರ್ ಹಿಡಿದು ನೋಡುತ್ತಾ ಬಂದೆ. ಒಂದು ತಪ್ಪಿಲ್ಲ. ರಿಲೇ ಅವರಿಗೆ ಹೊಸದು. ಒಂದು ಸಲ ವಿವರಿಸಿದೆ. ಎರಡನೆಯದನ್ನು ಅವರೇ ನನಗಿಂತ ಚೊಕ್ಕವಾಗಿ ಕೂರಿಸಿದರು.

ಹೆಡ್‌ಮಿಸ್ ಬಂದು ಸ್ವಿಚ್ ಹಾಕಿದರು. ಎದುರಿನ ಗೋಡೆ ಬೆಳ್ಳಗಾಯಿತು. ಗೋಡೆಯ ಮೇಲಿನ ಇರುವೆ ಸಾಲು ಎಣಿಸಬಹುದಿತ್ತು. ಹಾರ್ನ್ ಒತ್ತಿದರು. ಬೆಳಕು ಕದಲಲಿಲ್ಲ.

"ಆಗಿನ ಹಾಗೇ ಈ ಸಲಾನೂ ಒಂದು ತಿಂಗಳು ತಗೋತೀರಿ ಅಂದ್ಕೊಂಡಿದ್ದೆ" ಎಂದರು ಮಾವನಿಗೆ.

"ಆಗ ಒಬ್ಬನೇ ಇದ್ದೆ ಮಿಸ್."

ಮಿಸ್ ಕತ್ತಲಲ್ಲೇ ಓಡಿಸಿಕೊಂಡು ಹೋದರು. ತಿರುವಿನವರೆಗೂ ಹಾರ್ನ್ ಹೊಡೆಯುತ್ತಲೇ.

ಮಾರ್ಚ್ ೧, ಬೆಳಗ್ಗೆ ೯.೨೦

ನಾನು ಬರುವಷ್ಟರಲ್ಲಿ ಮಾವ ಬೀಗ ತೆಗೆದು ಬಾಗಿಲು ಗುಡಿಸಿದ್ದರು. ವ್ಯಾನು ಬಂದಿದೆ. ಅದೇ ವ್ಯಾನು, ಅದೇ ಕೂಗಾಡಿದವನು. ಮಾವನ ಕೈಲೇ ಮಾಡಿಸಿ, ಪಕ್ಕದಲ್ಲಿ ನಾನಿರುತ್ತೇನೆ ಎಂದೆ. ಮುಖ ಊದಿಸಿಕೊಂಡೇ ಒಪ್ಪಿದ. ಬಾಗಿಲಲ್ಲೇ ನಿಂತಿದ್ದಾನೆ.

ದಾರದುಂಡೆ ತೆಗೆದು ಗಂಟು ಹಾಕಲು ಕೂತೆ. ಎರಡು ಹಾಕಿದ್ದೆ ಅಷ್ಟೇ. ಮಾವ ದಾರ ಈಸಿಕೊಂಡು ಡಬ್ಬದಲ್ಲಿಟ್ಟರು. "ಬೇಡಮ್ಮ. ಇದಕ್ಕೆ ಗಂಟು ಬೇಡ." ಮೂಲೆಯಿಂದ ಅತ್ತೆಯ ಸ್ಟೂಲು ತಂದು, ಒರೆಸಿ, ಬೆಂಚಿನ ಪಕ್ಕ ಹಾಕಿ ಗಾಡಿಯೊಳಗೆ ತಲೆ ತೂರಿಸಿದ್ದಾರೆ.

ಅದರ ಮೇಲೆ ಕೂತೇ ಬರೆಯುತ್ತಿದ್ದೇನೆ. ಕೈ ಚಾಚಿದರು — "ಬ್ರೇಕಿಂದು ಕೊಡು..."