ಎರಡಿಂಚು ಗಿಡ್ಡ ಬಂದ ಮೆಟ್ಟಿಲು

ಮರಗೆಲಸದ ಶೆಡ್ಡಿನಿಂದ,
ಮಾರ್ಚ್ 11, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಚಿಕ್ಕ ಮೇಸ್ತ್ರಿ,

ಹೇಗಿದ್ದೀಯ ಮಗಳೇ? ಉಳಿ ತಾಗಿದ ಹೆಬ್ಬೆರಳು ಮಾಯಿತೇ? ನೀರು ಸೋಕಿಸಬೇಡ ಎಂದರೆ ಬೇಕೆಂದೇ ಪಾತ್ರೆ ತೊಳೆಯಲು ನಿಲ್ಲುವವಳು ನೀನು, ಅದಕ್ಕೆ ನಿಮ್ಮಕ್ಕನಿಗೂ ಹೇಳಿದ್ದೇನೆ. ಇಲ್ಲಿ ನಾವು ಚೆನ್ನಾಗಿದ್ದೇವೆ. ನಿಮ್ಮಮ್ಮನ ಮಂಡಿನೋವು ಇಳಿದಿದೆ, ಮೂಗಿನ ತುದಿಯ ಕೋಪ ಮಾತ್ರ ಇಳಿದಿಲ್ಲ. ನೀನು ಅಕ್ಕನ ಮನೆಗೆ ಹೋಗಿ ಹನ್ನೊಂದು ದಿನವಾಯಿತು. ಫೋನ್ ಮಾಡಿದರೆ ಎತ್ತುವುದಿಲ್ಲ, ಆದ್ದರಿಂದ ಈ ಕಾಗದ. ಸೋಮವಾರದಿಂದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರುತ್ತೀಯಂತೆ, ಇನ್ನು ಮರ ಮುಟ್ಟುವುದಿಲ್ಲವಂತೆ. ಬಟ್ಟೆ ಅಂಗಡಿಯೇನೂ ಕೆಟ್ಟದ್ದಲ್ಲ. ಆದರೆ ಹಲಗೆ ಮೂಸಿ ಇದು ಯಾವ ಮರ ಎಂದು ಹೇಳುವ ಹುಡುಗಿ ಅಲ್ಲಿ ಬಟ್ಟೆ ಮಡಚುತ್ತ ನಿಲ್ಲುವುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಹಲ್ಲಿನ ಡಾಕ್ಟರ ಮನೆಗೆ ನೀನೊಬ್ಬಳೇ ಮಾಡಿದ ಮೊದಲ ಮೆಟ್ಟಿಲು ಎರಡಿಂಚು ಗಿಡ್ಡ ಬಂತು, ನಿಜ. ಅದು ಮಹಡಿಗೆ ಮುಟ್ಟದೆ ನಿಂತಾಗ ಡಾಕ್ಟರು ಅಷ್ಟು ಜನರ ಎದುರು “ಹುಡುಗಿ ಕೈಗೆ ಕೊಟ್ರೆ ಇನ್ನೇನಾಗತ್ತೆ” ಅಂದದ್ದೂ ನಿಜ. ನೀನು ತಲೆ ತಗ್ಗಿಸಿ, “ಅಪ್ಪ ಅಳತೆ ಸರಿಯಾಗೇ ಬರೆದುಕೊಟ್ಟಿದ್ರು, ನಾನೇ ತಪ್ಪು ಓದ್ಕೊಂಡೆ” ಅಂದೆ. ನಾನು ಪಕ್ಕದಲ್ಲಿ ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ಅವತ್ತು ನಾನು ಒಂದು ಮಾತಾದರೂ ಆಡಬೇಕಿತ್ತು.

ನನ್ನ ಮೊದಲ ಮೆಟ್ಟಿಲಿನ ಕಥೆಯನ್ನು ನಿನಗೆ ಯಾವತ್ತೂ ಹೇಳಿಲ್ಲ. ಅದು ಒಂದು ಶಾಲೆಯದು. ಆಗ ನನಗೆ ಇಪ್ಪತ್ತೆರಡು, ಕಾಲು ನೆಲದ ಮೇಲೆ ನಿಲ್ಲದ ವಯಸ್ಸು. ನನಗೆ ಕಸುಬು ಕಲಿಸಿದ ದೊಡ್ಡ ಮೇಸ್ತ್ರಿಯವರ ಬಾಯಲ್ಲಿ ಯಾವಾಗಲೂ ನಾಲ್ಕು ಮೊಳೆ ಇರುತ್ತಿದ್ದವು, ಹಾಗಾಗಿ ಮಾತು ಕಡಿಮೆ. ಅವರ ಶೆಡ್ಡಿನ ಕಿಟಕಿಯಿಂದ ಬೀಳುತ್ತಿದ್ದ ಬಿಸಿಲು, ಅದರಲ್ಲಿ ತೇಲುತ್ತಿದ್ದ ಮರದ ಪುಡಿ, ಒಲೆಯ ಮೇಲೆ ಕಾಯುತ್ತಿದ್ದ ಅಂಟಿನ ವಾಸನೆ, ಎಲ್ಲ ಈಗಲೂ ಹಾಗೇ ಇವೆ ನನ್ನೊಳಗೆ. ಎರಡೂ ಪಕ್ಕದ ಉದ್ದ ಮರಗಳಲ್ಲಿ ಮೆಟ್ಟಿಲುಗಳನ್ನೆಲ್ಲ ಒಂದೇ ಎತ್ತರಕ್ಕೆ ಕೊಯ್ದೆ. ಮೇಲೆ ಹಾಸುವ ಹಲಗೆಗೂ ದಪ್ಪ ಇರುತ್ತದೆ ಎನ್ನುವುದನ್ನೇ ಮರೆತೆ. ಹಲಗೆ ಹಾಸಿದ ಮೇಲೆ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು ಉಳಿದವಕ್ಕಿಂತ ಒಂದು ಹಲಗೆಯಷ್ಟು ಎತ್ತರವಾಯಿತು. ಮೇಸ್ತ್ರಿ ಕೇಳಿದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತಲ್ಲ, ಹಾಗೆ ನಾನೂ ಶಾಲೆಯ ನೆಲವೇ ಸಮ ಇಲ್ಲವೆಂದು ವಾದಿಸಿದೆ. ಅವರು ಬೈಯಲಿಲ್ಲ. ಒಂದು ಸ್ಟೂಲು ತಂದು ಮೆಟ್ಟಿಲ ಎದುರಿಗೆ ಇಟ್ಟು, “ಸಂಜೆವರೆಗೂ ಇಲ್ಲೇ ಕೂತ್ಕೊ” ಅಂದು ಹೊರಟುಹೋದರು. ಕೂತೆ. ಮಕ್ಕಳು ಎಡವಿದರು. ಡ್ರಾಯಿಂಗ್ ಮೇಷ್ಟ್ರು ಎಡವಿದರು. ಗಂಟೆ ಹೊಡೆಯುವ ಮುದುಕ ಎರಡು ಸಲ ಎಡವಿದ. ಎಡವಿದವರೆಲ್ಲ ಬಗ್ಗಿ ತಮ್ಮ ಚಪ್ಪಲಿಯನ್ನೇ ನೋಡಿಕೊಂಡರು, ಮೆಟ್ಟಿಲನ್ನು ಒಬ್ಬರೂ ದೂರಲಿಲ್ಲ. ಸಂಜೆಯ ಹೊತ್ತಿಗೆ ನನಗೆ ಅಳು ಬಂದಿತ್ತು.

ಭಾನುವಾರ ಇಬ್ಬರೂ ಸೇರಿ ಮೆಟ್ಟಿಲು ಬಿಚ್ಚಿ, ಬುಡದಲ್ಲಿ ಹಲಗೆಯ ದಪ್ಪದಷ್ಟು ಕೊಯ್ದು ಮತ್ತೆ ನಿಲ್ಲಿಸಿದೆವು. ಕೆಲಸ ಮುಗಿದ ಮೇಲೆ ಮೇಸ್ತ್ರಿ ಬಾಯಿಂದ ಮೊಳೆ ತೆಗೆದರು. “ನಾನೂ ಇದೇ ತಪ್ಪು ಮಾಡಿದ್ದೆ ಕಣೋ. ಮೊದಲೇ ಹೇಳಿದ್ರೆ ನೀನು ಮಾಡ್ತಿರಲಿಲ್ಲ. ಮರ್ಯಾದೆ ಹೋಗತ್ತೆ ಅಂತ ಸುಮ್ನಿದ್ದೆ” ಅಂದರು. ಅವರ ಉಳಿ, ಗರಗಸಗಳಿಗಿಂತ ಹೆಚ್ಚಾಗಿ ಆ ಮಾತೇ ನನಗೆ ಕಲಿಸಿತು ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ತಪ್ಪು ಮಾಡದ ಬಡಗಿಯನ್ನು ನಾನಂತೂ ಕಂಡಿಲ್ಲ, ಕಂಡರೆ ಅವನು ಕೆಲಸ ಮಾಡದವನೇ ಇರಬೇಕು.

ಅಕ್ಕ, ಭಾವನಿಗೆ ನಮ್ಮ ನೆನಪು ಹೇಳು. ಮೊಮ್ಮಗನ ಮರದ ಲಾರಿಗೆ ಚಕ್ರ ಸಿದ್ಧವಾಗಿದೆ, ಬಣ್ಣ ಯಾವುದೆಂದು ಕೇಳಿ ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈ ಗಟ್ಟಿಯಾಗಿರಲಿ, ಮನಸ್ಸು ಹಗುರವಾಗಿರಲಿ ಎಂದು ಹರಸುವ,

ನಿನ್ನ ಅಪ್ಪ

ಮತ್ತೊಂದು ಮಾತು: ಮರೆತಿದ್ದೆ ಎಂದು ಬರೆಯಹೊರಟಿದ್ದೆ. ಮರೆತಿರಲಿಲ್ಲ, ಧೈರ್ಯ ಬಂದಿರಲಿಲ್ಲ. ನೀನು ಅಳತೆ ತಪ್ಪು ಓದಲಿಲ್ಲ ಮಗಳೇ. ಟೇಪಿನ ಅಂಕಿಗಳು ಒಂದು ವರ್ಷದಿಂದ ನನಗೆ ಮಸುಕು. ಎಂಟನ್ನು ಆರು ಎಂದು ಬರೆದುಕೊಟ್ಟವನು ನಾನೇ. ಡಾಕ್ಟರ ಮನೆಯಿಂದ ಬಂದವನೇ, ನೀನು ಮತ್ತೆ ನೋಡುವ ಮೊದಲು, ಅಳತೆ ಬರೆದಿದ್ದ ಹಲಗೆಯನ್ನು ಉಪ್ಪು ಕಾಗದ ಹಾಕಿ ಉಜ್ಜಿ ಅಳಿಸಿಬಿಟ್ಟೆ. ಇವತ್ತು ಬೆಳಿಗ್ಗೆ ಡಾಕ್ಟರಿಗೆ ಹೇಳಿ ಬಂದೆ. ನಿಮ್ಮಮ್ಮನಿಗೂ ಹೇಳಿದೆ, ಮಾತು ಬಿಟ್ಟಿದ್ದಾಳೆ. ನನ್ನ ಮೇಲಿನ ಸಿಟ್ಟಿಗೆ ಈ ಕಸುಬು ಬಿಡುವುದಾದರೆ ಬಿಡು, ಅದು ನ್ಯಾಯ. ಕೆಲಸ ಬರುವುದಿಲ್ಲ ಎಂದು ಮಾತ್ರ ಬಿಡಬೇಡ, ಅದು ನಾನು ಹೇಳಿಸಿದ ಸುಳ್ಳು.